25 ವರ್ಷದ ವಾರಂಟಿಯ ಹಿಂದೆ: ಸೋಲಾರ್ ಪ್ಯಾನೆಲ್ ತಯಾರಾಗುವುದು ಹೇಗೆ, ಅದನ್ನು ಪರೀಕ್ಷಿಸುವುದು ಹೇಗೆ?

ಈಗ ಮಾರಾಟವಾಗುತ್ತಿರುವ ಎಷ್ಟೋ ಸೋಲಾರ್ ಪ್ಯಾನೆಲ್‌ಗಳ ವಿನ್ಯಾಸಕ್ಕೆ ಎರಡು ಮೂರು ವರ್ಷ ವಯಸ್ಸಾಗಿರುತ್ತದೆ, ಅಷ್ಟೆ. ಅವುಗಳ ಜೊತೆ ಬರುವ ವಾರಂಟಿ ಮಾತ್ರ 25 ವರ್ಷದ್ದು, ಕೆಲವಕ್ಕೆ 30 ವರ್ಷದ್ದು. ಯಾವ ಚಾವಣಿಯ ಮೇಲೂ ಇನ್ನೂ ಹತ್ತು ಬೇಸಿಗೆ ಕಾಣದ ವಸ್ತುವಿನ ಬಗ್ಗೆ ತಯಾರಕರು ಕಾಲು ಶತಮಾನದ ಮಾತು ಕೊಡುತ್ತಾರೆ. ಇಷ್ಟು ಧೈರ್ಯ ಎಲ್ಲಿಂದ ಬರುತ್ತದೆ?

ಉತ್ತರದ ಒಂದು ಪಾಲು ಕಾರ್ಖಾನೆಯಲ್ಲಿದೆ, ಇನ್ನೊಂದು ಪಾಲು ಪ್ರಯೋಗಾಲಯದಲ್ಲಿ. ಮನೆಗೆ ಸೋಲಾರ್ ಹಾಕಿಸಲು ಹೊರಟವರ ಮುಂದೆ ಪರ್ಕ್, ಟಾಪ್‌ಕಾನ್, ಹಾಫ್‌ಕಟ್, ಫ್ಲ್ಯಾಶ್ ರಿಪೋರ್ಟ್, ಐಇಸಿ ಸರ್ಟಿಫಿಕೇಟ್ ಎಂಬ ಮಾತುಗಳು ಒಟ್ಟೊಟ್ಟಿಗೆ ಬಂದು ಬೀಳುತ್ತವೆ. ಕೆಲವು ತಯಾರಿಕೆಗೆ ಸೇರಿದವು, ಕೆಲವು ಪರೀಕ್ಷೆಗೆ. ಪ್ರತಿ ಪರೀಕ್ಷೆಯೂ ಒಂದೇ ಒಂದು ಪ್ರಶ್ನೆಗೆ ಉತ್ತರ ಕೊಡುತ್ತದೆ. ಯಾವುದು ಯಾವ ಪ್ರಶ್ನೆಗೆ ಎಂದು ಗೊತ್ತಾದರೆ ಅರ್ಧ ಗೊಂದಲ ಅಲ್ಲಿಗೇ ಕಳೆಯುತ್ತದೆ. ಜಗತ್ತಿನಲ್ಲಿ ತಯಾರಾಗುವ ಪ್ಯಾನೆಲ್‌ಗಳಲ್ಲಿ ಶೇ. 95ಕ್ಕೂ ಹೆಚ್ಚು ಸಿಲಿಕಾನ್‌ನಿಂದ ಆದವು. ಹಾಗಾಗಿ ಇಲ್ಲಿನ ಮಾತೆಲ್ಲ ಅವುಗಳದ್ದೇ.

## ಬೆಳಕು ಬಿದ್ದರೆ ಕರೆಂಟ್ ಹೇಗೆ ಬರುತ್ತದೆ?

ಸಿಲಿಕಾನ್ ಒಂದು ಅರೆವಾಹಕ. ಲೋಹದಷ್ಟು ಸಲೀಸಾಗಿ ಅದು ವಿದ್ಯುತ್ತನ್ನು ಹರಿಯಗೊಡುವುದಿಲ್ಲ, ಗಾಜಿನ ಹಾಗೆ ಪೂರ್ತಿ ತಡೆಯುವುದೂ ಇಲ್ಲ. ಅದರೊಳಗೆ ಬಂಧಿಯಾಗಿರುವ ಎಲೆಕ್ಟ್ರಾನಿಗೆ ಬೆಳಕಿನ ಕಣದಿಂದ ಸಾಕಷ್ಟು ಶಕ್ತಿ ಸಿಕ್ಕರೆ ಅದು ಬಿಡಿಸಿಕೊಂಡು ಓಡಾಡತೊಡಗುತ್ತದೆ. ಹಾಗೆ ದಿಕ್ಕಿಲ್ಲದೆ ಓಡಾಡಿದರೆ ಕರೆಂಟ್ ಆಗುವುದಿಲ್ಲ, ಎಲ್ಲವೂ ಒಂದೇ ಕಡೆಗೆ ಹೋಗಬೇಕು. ಅದಕ್ಕಾಗಿ ಸಿಲಿಕಾನ್‌ನ ಒಂದು ಪದರಕ್ಕೆ ಅತ್ಯಲ್ಪ ರಂಜಕವನ್ನು, ಇನ್ನೊಂದಕ್ಕೆ ಬೋರಾನ್ ಅಥವಾ ಗ್ಯಾಲಿಯಂ ಅನ್ನು ಬೆರೆಸುತ್ತಾರೆ. ರಂಜಕ ಬೆರೆತ ಪದರದಲ್ಲಿ ಎಲೆಕ್ಟ್ರಾನ್‌ಗಳು ಹೆಚ್ಚು, ಅದು ಎನ್ ಬಗೆ. ಬೋರಾನ್ ಬೆರೆತದ್ದರಲ್ಲಿ ಕೊರತೆ, ಅದು ಪಿ ಬಗೆ. ಎರಡೂ ಕೂಡುವ ಗಡಿಯಲ್ಲಿ ಒಂದು ವಿದ್ಯುತ್ ಕ್ಷೇತ್ರ ತಾನಾಗಿಯೇ ಏರ್ಪಟ್ಟು, ಬಿಡುಗಡೆಯಾದ ಎಲೆಕ್ಟ್ರಾನ್‌ಗಳನ್ನು ಒಂದು ದಿಕ್ಕಿಗೆ ತಳ್ಳುತ್ತದೆ.

ಬೆಳಕಿನಿಂದ ವಿದ್ಯುತ್ ಹುಟ್ಟುವ ಈ ಪರಿಣಾಮವನ್ನು ಫ್ರಾನ್ಸ್‌ನ ಎಡ್ಮಂಡ್ ಬೆಕರೆಲ್ 1839ರಲ್ಲೇ ಗಮನಿಸಿದ್ದರು. ಬಳಕೆಗೆ ಬರುವಂಥ ಸಿಲಿಕಾನ್ ಸೆಲ್ ತಯಾರಾಗಲು 1954ರವರೆಗೆ, ಅಮೆರಿಕದ ಬೆಲ್ ಪ್ರಯೋಗಾಲಯದ ತನಕ ಕಾಯಬೇಕಾಯಿತು. ಅದು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 6ರಷ್ಟನ್ನು ಮಾತ್ರ ವಿದ್ಯುತ್ತಾಗಿಸುತ್ತಿತ್ತು. ಈಗಿನ ಒಳ್ಳೆಯ ಪ್ಯಾನೆಲ್‌ಗಳದ್ದು ಶೇ. 22ರಿಂದ 24. ಒಂಟಿ ಸಿಲಿಕಾನ್ ಸೆಲ್‌ಗೆ ಪ್ರಕೃತಿ ಹಾಕಿರುವ ಮಿತಿಯೇ ಶೇ. 29ರ ಆಸುಪಾಸಿನಲ್ಲಿದೆ. ಹಾಗಾಗಿ ಯಾರಾದರೂ ಶೇ. 40 ದಕ್ಷತೆಯ ಮನೆ ಪ್ಯಾನೆಲ್ ಇದೆ ಎಂದರೆ ಮುಂದಿನ ಮಾತು ಕೇಳುವ ಅಗತ್ಯವಿಲ್ಲ.

ಇನ್ನೊಂದು ವಿಷಯ ಮುಂದಕ್ಕೆಲ್ಲ ಬೇಕಾಗುತ್ತದೆ. ಒಂದು ಸೆಲ್ ಎಷ್ಟೇ ದೊಡ್ಡದಿರಲಿ, ಅದರಿಂದ ಬರುವುದು 0.7 ವೋಲ್ಟ್‌ನಷ್ಟು ಮಾತ್ರ. ಅಗಲ ಹೆಚ್ಚಾದರೆ ಕರೆಂಟ್ ಹೆಚ್ಚುತ್ತದೆ, ವೋಲ್ಟೇಜ್ ಹೆಚ್ಚುವುದಿಲ್ಲ. ಉಪಯೋಗಕ್ಕೆ ಬರುವಷ್ಟು ವೋಲ್ಟೇಜ್ ಬೇಕೆಂದರೆ ಹತ್ತಾರು ಸೆಲ್‌ಗಳನ್ನು ಒಂದರ ಬೆನ್ನಿಗೆ ಒಂದರಂತೆ ಸರಣಿಯಲ್ಲಿ ಜೋಡಿಸಬೇಕು. ಉದ್ದನೆಯ ನೀರಿನ ಪೈಪಿನಲ್ಲಿ ಒಂದೇ ಒಂದು ಕಡೆ ಮಡಿಕೆ ಬಿದ್ದರೂ ತುದಿಯಲ್ಲಿ ನೀರು ಸಣ್ಣಗಾಗುತ್ತದಲ್ಲ, ಸರಣಿಯಲ್ಲಿ ಆಗುವುದೂ ಅದೇ. ಅತ್ಯಂತ ದುರ್ಬಲ ಸೆಲ್ ಎಷ್ಟು ಕರೆಂಟ್ ಬಿಡುತ್ತದೋ ಇಡೀ ಸಾಲು ಅಷ್ಟಕ್ಕೆ ಇಳಿಯುತ್ತದೆ. ಪ್ಯಾನೆಲ್ ತಯಾರಿಕೆಯ ಅರ್ಧಕ್ಕರ್ಧ ಎಚ್ಚರಿಕೆ ಹುಟ್ಟಿರುವುದು ಈ ಒಂದು ಕಾರಣದಿಂದ.

## ಮರಳಿನಿಂದ ಹರಳು

ಸಿಲಿಕಾನ್‌ಗೆ ಬರವಿಲ್ಲ, ಮರಳೆಂದರೇ ಬಹುಮಟ್ಟಿಗೆ ಸಿಲಿಕಾನ್ ಮತ್ತು ಆಮ್ಲಜನಕ. ಕಷ್ಟ ಇರುವುದು ಅದನ್ನು ಶುದ್ಧ ಮಾಡುವುದರಲ್ಲಿ. ಉತ್ತಮ ಕ್ವಾರ್ಟ್ಜ್ ಕಲ್ಲನ್ನು ಇದ್ದಿಲು, ಕೋಕ್‌ನಂಥ ಇಂಗಾಲದ ಜೊತೆ ವಿದ್ಯುತ್ ಕುಲುಮೆಗೆ ಹಾಕಿ 1,900 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕಾಯಿಸಿದರೆ ಇಂಗಾಲವು ಆಮ್ಲಜನಕವನ್ನು ಕಸಿದುಕೊಂಡು ಹೋಗುತ್ತದೆ. ಉಳಿಯುವ ಸಿಲಿಕಾನ್ ಶೇ. 98–99 ಶುದ್ಧ. ಅಲ್ಯೂಮಿನಿಯಂ ಮಿಶ್ರಲೋಹಕ್ಕೆ ಇಷ್ಟು ಸಾಕು, ಸೋಲಾರ್ ಸೆಲ್‌ಗೆ ಏನೇನೂ ಸಾಲದು. ಕಬ್ಬಿಣದಂಥ ಲೋಹದ ಪರಮಾಣುಗಳು ಅಲ್ಲಲ್ಲಿ ಉಳಿದರೂ ಬಿಡುಗಡೆಯಾದ ಎಲೆಕ್ಟ್ರಾನ್‌ಗಳು ತಂತಿ ಸೇರುವ ಮೊದಲೇ ಅಲ್ಲಿ ಸಿಕ್ಕಿಬೀಳುತ್ತವೆ.

ಘನ ವಸ್ತುವಿನಲ್ಲಿ ಹುದುಗಿರುವ ಕಲ್ಮಶವನ್ನು ಹೆಕ್ಕಿ ತೆಗೆಯುವುದು ಅಸಾಧ್ಯ ಅನ್ನಿಸಿದಾಗ ರಸಾಯನಶಾಸ್ತ್ರಜ್ಞರು ಆ ಘನವನ್ನೇ ದ್ರವವಾಗುವ ಸಂಯುಕ್ತವಾಗಿಸಿಬಿಟ್ಟರು. ಸಿಲಿಕಾನ್ ಪುಡಿಯನ್ನು ಹೈಡ್ರೋಜನ್ ಕ್ಲೋರೈಡ್ ಜೊತೆ ಸೇರಿಸಿದರೆ ಟ್ರೈಕ್ಲೋರೋಸಿಲೇನ್ ಎಂಬ ದ್ರವ ಸಿಗುತ್ತದೆ. ಅದು ಸುಮಾರು 32 ಡಿಗ್ರಿಗೇ ಕುದಿಯುತ್ತದೆ. ಕುದಿಬಿಂದು ಇಷ್ಟು ಕೆಳಗಿದ್ದರೆ ಮತ್ತೆ ಮತ್ತೆ ಭಟ್ಟಿ ಇಳಿಸಿ ಶುದ್ಧ ಮಾಡುವುದು ಸುಲಭ. ಹಾಗೆ ಶುದ್ಧವಾದ ಆವಿಯನ್ನು ಹೈಡ್ರೋಜನ್ ಜೊತೆ, 1,100 ಡಿಗ್ರಿಯಷ್ಟು ಕಾದ ತೆಳು ಸಿಲಿಕಾನ್ ಸರಳುಗಳ ಮೇಲೆ ದಿನಗಟ್ಟಲೆ ಹಾಯಿಸುತ್ತಾರೆ. ಸಿಲಿಕಾನ್ ಪದರ ಪದರವಾಗಿ ಕೂರುತ್ತ ಸರಳು ದಪ್ಪವಾಗುತ್ತದೆ. ಇದನ್ನು ಸೀಮೆನ್ಸ್ ವಿಧಾನ ಎನ್ನುತ್ತಾರೆ, ಸಿಗುವ ವಸ್ತು ಪಾಲಿಸಿಲಿಕಾನ್. ಅದರ ಶುದ್ಧತೆಯನ್ನು ಬರೆದರೆ ಒಂಬತ್ತರ ಅಂಕಿಗಳ ಸಾಲೇ ಆಗುತ್ತದೆ: 99.9999ರಿಂದ ಶುರು, ಈಗಿನ ಎನ್ ಬಗೆಯ ಸೆಲ್‌ಗಳಿಗೆ ಇನ್ನೂ ಮೂರೋ ನಾಲ್ಕೋ ಒಂಬತ್ತು ಹೆಚ್ಚು ಬೇಕು. ಇಡೀ ಸರಪಳಿಯಲ್ಲಿ ಅತಿ ಹೆಚ್ಚು ವಿದ್ಯುತ್ ಬೇಡುವ ಹಂತಗಳಲ್ಲಿ ಇದೂ ಒಂದು.

ಶುದ್ಧತೆಯಷ್ಟೇ ಮುಖ್ಯ ಪರಮಾಣುಗಳ ಜೋಡಣೆ. ಪಾಲಿಸಿಲಿಕಾನ್‌ನಲ್ಲಿ ಅಸಂಖ್ಯ ಸಣ್ಣ ಹರಳುಗಳು ಅಡ್ಡಾದಿಡ್ಡಿಯಾಗಿ ಸೇರಿಕೊಂಡಿರುತ್ತವೆ, ಅವುಗಳ ನಡುವಿನ ಪ್ರತಿ ಗಡಿಯೂ ಎಲೆಕ್ಟ್ರಾನಿಗೆ ಒಂದು ಅಡ್ಡಿ. ಅದನ್ನು 1,414 ಡಿಗ್ರಿಗೆ ಕರಗಿಸಿ, ಬೆರಳುದ್ದದ ಬೀಜಹರಳೊಂದನ್ನು ಮೇಲ್ಮೈಗೆ ತಾಗಿಸಿ, ತಿರುಗಿಸುತ್ತ ನಿಧಾನವಾಗಿ ಮೇಲೆತ್ತಿದರೆ ಕರಗಿದ ಸಿಲಿಕಾನ್ ಆ ಬೀಜದ ಜೋಡಣೆಯನ್ನೇ ಅನುಸರಿಸಿ ಗಟ್ಟಿಯಾಗುತ್ತ ಬರುತ್ತದೆ. ಕೊನೆಗೆ ಕೈಗೆ ಬರುವುದು ಆಳೆತ್ತರ ಮೀರಿದ, ಆದರೆ ಒಂದೇ ಹರಳಾಗಿರುವ ದಿಂಡು. ಪೋಲೆಂಡ್‌ನ ಯಾನ್ ಚೊಕ್ರಾಲ್‌ಸ್ಕಿ 1916ರಲ್ಲಿ ಕಂಡುಕೊಂಡ ವಿಧಾನ ಇದು. ಮಸಿಕುಡಿಕೆಗೆ ಅದ್ದಬೇಕಿದ್ದ ಪೆನ್ನನ್ನು ಮರೆತು ಕರಗಿದ ತವರಕ್ಕೆ ಅದ್ದಿದ್ದರಿಂದ ಅವರಿಗೆ ಇದು ಹೊಳೆಯಿತೆಂಬ ಕಥೆ ಪ್ರಸಿದ್ಧವಾಗಿದೆ. ಮೋನೊ ಎಂದು ಕರೆಯುವ ಪ್ಯಾನೆಲ್‌ಗಳೆಲ್ಲ ಇಂಥ ಏಕಹರಳಿನಿಂದ ಬಂದವು. ಕೆಲವು ವರ್ಷಗಳ ಹಿಂದಿನವರೆಗೆ ಸಾಮಾನ್ಯವಾಗಿದ್ದ, ನೀಲಿ ಮೈಮೇಲೆ ಚೂರು ಚೂರು ಹೊಳಪು ಕಾಣುವ ಪಾಲಿ ಪ್ಯಾನೆಲ್‌ಗಳು ಈಗ ಬಹುತೇಕ ಹಿಂದೆ ಸರಿದಿವೆ.

## ದಿಂಡಿನಿಂದ ಸೆಲ್‌ಗೆ

ದುಂಡನೆಯ ದಿಂಡಿನ ಬದಿಗಳನ್ನು ಕತ್ತರಿಸಿ ಚೌಕ ಮಾಡಿ, ವಜ್ರದ ಪುಡಿ ಅಂಟಿಸಿದ ಅತಿ ತೆಳು ತಂತಿಗಳ ನಡುವೆ ಹಾಯಿಸಿದರೆ ಒಮ್ಮೆಗೇ ಸಾವಿರಾರು ಹಾಳೆಗಳು ಬರುತ್ತವೆ. ಇವೇ ವೇಫರ್‌ಗಳು. ಈಗಿನವುಗಳ ದಪ್ಪ 130 ಮೈಕ್ರಾನ್ ಆಸುಪಾಸು, ಅಂದರೆ ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗ. ತೆಳುವಾದಷ್ಟೂ ಸಿಲಿಕಾನ್ ಉಳಿತಾಯ, ತೆಳುವಾದಷ್ಟೂ ಒಡೆಯುವ ಭಯ. ಎಷ್ಟು ತೆಳುವಾಗಬಹುದು ಎಂಬ ಚೌಕಾಸಿ ಪ್ರತಿ ವರ್ಷ ನಡೆಯುತ್ತಲೇ ಇರುತ್ತದೆ.

ಹೊಳೆಯುವ ಬರಿಯ ವೇಫರ್ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಮೂರನೇ ಒಂದರಷ್ಟನ್ನು ವಾಪಸ್ ಎಸೆದುಬಿಡುತ್ತದೆ. ಅದನ್ನು ತಡೆಯಲು ಮೊದಲು ಕ್ಷಾರದ ದ್ರಾವಣದಲ್ಲಿ ಅದ್ದುತ್ತಾರೆ. ಕ್ಷಾರವು ಹರಳಿನ ಕೆಲವು ಮುಖಗಳನ್ನು ಬೇಗ, ಕೆಲವನ್ನು ನಿಧಾನವಾಗಿ ತಿನ್ನುವುದರಿಂದ ಮೇಲ್ಮೈ ತುಂಬ ಮೈಕ್ರಾನ್ ಗಾತ್ರದ ಪಿರಮಿಡ್‌ಗಳು ಏಳುತ್ತವೆ. ಒಂದು ಪಿರಮಿಡ್‌ನಿಂದ ಪುಟಿದ ಬೆಳಕು ಪಕ್ಕದ್ದಕ್ಕೆ ಬಡಿದು ಒಳಗೆ ಹೋಗುತ್ತದೆ. ಆಮೇಲೆ ಬಿಸಿ ಕುಲುಮೆಯಲ್ಲಿ ರಂಜಕ ಅಥವಾ ಬೋರಾನ್‌ನ ಆವಿ ಹಾಯಿಸಿ ಪಿ–ಎನ್ ಗಡಿ ಕಟ್ಟುತ್ತಾರೆ. ಅದರ ಮೇಲೆ 75–80 ನ್ಯಾನೋಮೀಟರ್ ದಪ್ಪದ ಸಿಲಿಕಾನ್ ನೈಟ್ರೈಡ್ ಲೇಪನ. ಪ್ಯಾನೆಲ್‌ಗೆ ಕಡುನೀಲಿ ಬಣ್ಣ ಬರುವುದು ಈ ಲೇಪನದಿಂದ, ಸಿಲಿಕಾನ್ ತಾನು ಬೂದು.

ಕೊನೆಗೆ ವಿದ್ಯುತ್ತನ್ನು ಹೊರತರುವ ಗೆರೆಗಳು. ಬೆಳ್ಳಿಯ ಪೇಸ್ಟನ್ನು ಜಾಲರಿಯ ಮೂಲಕ ಒತ್ತಿ, ಅಂದರೆ ಸ್ಕ್ರೀನ್ ಪ್ರಿಂಟಿಂಗ್ ಮಾಡಿ, ಕೆಲವೇ ಸೆಕೆಂಡು 750–800 ಡಿಗ್ರಿಯಲ್ಲಿ ಸುಡುತ್ತಾರೆ. ಗೆರೆ ದಪ್ಪವಾದರೆ ನೆರಳು ಹೆಚ್ಚು, ಬೆಳ್ಳಿಯ ಖರ್ಚೂ ಹೆಚ್ಚು. ಸಪೂರವಾದರೆ ನಡುವೆ ತುಂಡಾಗುವ ಅಪಾಯ.

ಪರ್ಕ್, ಟಾಪ್‌ಕಾನ್, ಹೆಟೆರೋಜಂಕ್ಷನ್ ಎಂಬ ಹೆಸರುಗಳ ವ್ಯತ್ಯಾಸ ಇರುವುದು ಮುಖ್ಯವಾಗಿ ಒಂದೇ ಪ್ರಶ್ನೆಯಲ್ಲಿ: ಸಿಲಿಕಾನ್ ಮತ್ತು ಲೋಹ ಸೇರುವ ಜಾಗದಲ್ಲಿ ಎಲೆಕ್ಟ್ರಾನ್‌ಗಳು ಪೋಲಾಗದಂತೆ ಏನು ಮಾಡುವುದು? ಪರ್ಕ್‌ನಲ್ಲಿ ಬೆನ್ನಿಗೆ ರಕ್ಷಣಾ ಪದರ ಹಾಸಿ, ಅದರಲ್ಲಿ ಅಲ್ಲಲ್ಲಿ ಮಾತ್ರ ಕಿಂಡಿ ತೆರೆದು ಲೋಹ ಮುಟ್ಟಿಸುತ್ತಾರೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಗ್ರೀನ್ ತಂಡ 1980ರ ದಶಕದಲ್ಲಿ ರೂಪಿಸಿದ್ದು ಇದು. ಟಾಪ್‌ಕಾನ್‌ನಲ್ಲಿ ಒಂದೆರಡು ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರ ಇರುತ್ತದೆ, ಎಲೆಕ್ಟ್ರಾನ್‌ಗಳು ಅದನ್ನು ನುಸುಳಿ ದಾಟುತ್ತವೆ. ಹೆಟೆರೋಜಂಕ್ಷನ್‌ನಲ್ಲಿ ಎರಡೂ ಮುಖಕ್ಕೆ ಹರಳಲ್ಲದ ಸಿಲಿಕಾನ್‌ನ ತೆಳು ಹೊದಿಕೆ. ಕೊಳ್ಳುವವರಿಗೆ ಇಷ್ಟು ತಿಳಿದರೆ ಸಾಕು.

## ಎಲ್ಲವನ್ನೂ ಒಂದಾಗಿ ಬೇಯಿಸುವ ಹಂತ

ಸೆಲ್‌ಗಳನ್ನು ಯಂತ್ರ ಸಾಲಾಗಿಟ್ಟು, ತವರ ಲೇಪಿಸಿದ ತಾಮ್ರದ ಪಟ್ಟಿಗಳಿಂದ ಬೆಸೆಯುತ್ತದೆ. ಮೊದಲು ಇಡೀ ಸೆಲ್‌ಗಳನ್ನೇ ಬೆಸೆಯುತ್ತಿದ್ದರು, ಈಗ ಲೇಸರ್‌ನಿಂದ ಎರಡು ಹೋಳು ಮಾಡಿ ಬೆಸೆಯುವುದು ರೂಢಿ. ಹಾಫ್‌ಕಟ್ ಎಂದರೆ ಅಷ್ಟೆ. ಹೋಳಿನಲ್ಲಿ ಹರಿಯುವ ಕರೆಂಟ್ ಅರ್ಧ, ಪಟ್ಟಿಗಳಲ್ಲಿ ಬಿಸಿಯಾಗಿ ಕಳೆದುಹೋಗುವ ಶಕ್ತಿ ಕಾಲು ಭಾಗ.

ಆಮೇಲೆ ಪದರಗಳ ಜೋಡಣೆ. ಮುಂದೆ ಹದ ಮಾಡಿದ ಗಾಜು, ಅದರ ಹಿಂದೆ ಇವಿಎ ಎಂಬ ಪ್ಲಾಸ್ಟಿಕ್ ಹಾಳೆ, ನಂತರ ಸೆಲ್ಲುಗಳ ಸಾಲು, ಮತ್ತೊಂದು ಇವಿಎ ಹಾಳೆ, ಹಿಂಬದಿಗೆ ಬ್ಯಾಕ್‌ಶೀಟ್ ಎಂಬ ಪ್ಲಾಸ್ಟಿಕ್ ಹೊದಿಕೆ ಅಥವಾ ಇನ್ನೊಂದು ಗಾಜು. ಇದನ್ನು ಲ್ಯಾಮಿನೇಟರ್ ಯಂತ್ರದೊಳಗೆ ಇಟ್ಟು, ಗಾಳಿಯನ್ನೆಲ್ಲ ಹೀರಿ, 145–150 ಡಿಗ್ರಿಯಲ್ಲಿ ಒತ್ತುತ್ತಾರೆ. ಇವಿಎ ಮೊದಲು ಕರಗುತ್ತದೆ, ಬಳಿಕ ಅದರ ಉದ್ದನೆಯ ಅಣುಗಳು ಒಂದಕ್ಕೊಂದು ಬಲೆಯಂತೆ ಹೆಣೆದುಕೊಳ್ಳುತ್ತವೆ. ಒಮ್ಮೆ ಹೆಣೆದುಕೊಂಡರೆ ಮತ್ತೆ ಕರಗುವುದಿಲ್ಲ.

ಕಾರ್ಖಾನೆಯ ಒಳಗೆ ಓಡಾಡುವ ತಂತ್ರಜ್ಞರು ಹೆಚ್ಚು ತಲೆ ಕೆಡಿಸಿಕೊಳ್ಳುವ ಹಂತ ಇದು, ಹೊರಗಿನವರು ಅಪರೂಪಕ್ಕೆ ಕೇಳುವುದೂ ಇದನ್ನೇ. ಕಾವು ಅಥವಾ ಸಮಯ ಕಡಿಮೆಯಾದರೆ ಇವಿಎ ಅರೆಬೆಂದು, ವರ್ಷಗಳ ನಂತರ ಗಾಜಿನಿಂದ ಬಿಟ್ಟುಕೊಳ್ಳುತ್ತದೆ. ಆ ಸಂದಿಯಲ್ಲಿ ನೀರಿನ ಆವಿ ಸೇರುತ್ತದೆ. ಇವಿಎ ತೇವಕ್ಕೆ ಸಿಕ್ಕಿ ಕೆಟ್ಟಾಗ ಅಸಿಟಿಕ್ ಆಮ್ಲ ಹುಟ್ಟಿ ಬೆಳ್ಳಿ ಗೆರೆಗಳನ್ನು ತಿನ್ನತೊಡಗುತ್ತದೆ. ಇದನ್ನೆಲ್ಲ ಮೊದಲ ದಿನ ಯಾವ ಮೀಟರೂ ತೋರಿಸದು. ಹಾಗಾಗಿ ತಯಾರಿಕೆಯ ನಡುವೆ ಆಗಾಗ ಒಂದು ತುಣುಕು ಇವಿಎ ತೆಗೆದು ಬಿಸಿ ದ್ರಾವಕದಲ್ಲಿ ಹಾಕಿ ನೋಡುತ್ತಾರೆ. ಹೆಣೆದುಕೊಳ್ಳದ ಭಾಗ ಕರಗಿಹೋಗುತ್ತದೆ, ಹೆಣೆದುಕೊಂಡದ್ದು ಉಳಿಯುತ್ತದೆ. ಉಳಿದದ್ದು ಸಾಮಾನ್ಯವಾಗಿ ಶೇ. 75ಕ್ಕಿಂತ ಹೆಚ್ಚಿರಬೇಕು. ಇದು ಜೆಲ್ ಪರೀಕ್ಷೆ. ಇದರ ಜೊತೆಗೆ ಹಾಳೆಯನ್ನು ಗಾಜಿನಿಂದ ಕಿತ್ತು ಎಷ್ಟು ಬಲ ಬೇಕಾಯಿತೆಂದು ಅಳೆಯುವ ಇನ್ನೊಂದು ಪರೀಕ್ಷೆಯೂ ಇದೆ. ತೇವದ ಭಯ ಹೆಚ್ಚಿರುವ ಕಡೆ ಇವಿಎ ಬದಲು ಆಮ್ಲ ಬಿಡದ ಪಿಒಇ ಹಾಳೆ ಬಳಸುವುದು ಈ ಕಾರಣಕ್ಕೇ.

ಅಲ್ಯೂಮಿನಿಯಂ ಚೌಕಟ್ಟು, ಹಿಂಬದಿಗೆ ಜಂಕ್ಷನ್ ಬಾಕ್ಸ್. ಆ ಬಾಕ್ಸಿನೊಳಗೆ ಸಾಮಾನ್ಯವಾಗಿ ಮೂರು ಬೈಪಾಸ್ ಡಯೋಡ್ ಇರುತ್ತವೆ. ಒಂದು ಸೆಲ್ ಮೇಲೆ ನೆರಳು ಬಿದ್ದರೆ ಉಳಿದ ಸೆಲ್‌ಗಳು ತಳ್ಳುವ ಕರೆಂಟ್ ಅದರ ಮೂಲಕ ಬಲವಂತವಾಗಿ ನುಗ್ಗಿ ಅದು ಕಾಯತೊಡಗುತ್ತದೆ. ಡಯೋಡ್ ಆ ಭಾಗವನ್ನು ಬಿಟ್ಟು ಬೇರೆ ದಾರಿ ತೆರೆಯುತ್ತದೆ. ಪ್ಯಾನೆಲ್‌ನ ಮೂರನೇ ಒಂದು ಭಾಗ ಆಗ ಕೆಲಸ ನಿಲ್ಲಿಸುತ್ತದೆ, ಸುಟ್ಟುಹೋಗುವುದು ತಪ್ಪುತ್ತದೆ.

## ಕತ್ತಲಲ್ಲಿ ತೆಗೆಯುವ ಚಿತ್ರ

ಸಿದ್ಧವಾದ ಪ್ಯಾನೆಲನ್ನು ಕಣ್ಣಿಂದ ಎಷ್ಟು ನೋಡಿದರೂ ಸೆಲ್‌ನೊಳಗಿನ ಕೂದಲೆಳೆಯಂಥ ಬಿರುಕು ಕಾಣುವುದಿಲ್ಲ. ಅದಕ್ಕೆ ಒಂದು ಸೊಗಸಾದ ಉಪಾಯವಿದೆ. ಬೆಳಕು ಬಿದ್ದರೆ ಕರೆಂಟ್ ಕೊಡುವ ಸೆಲ್‌ಗೆ ನಾವೇ ಹೊರಗಿನಿಂದ ಕರೆಂಟ್ ಕೊಟ್ಟರೆ ಅದು ಬೆಳಕು ಕೊಡುತ್ತದೆ. ಆ ಬೆಳಕು 1,150 ನ್ಯಾನೋಮೀಟರ್ ತರಂಗದೂರದ ಅವಕೆಂಪು, ನಮ್ಮ ಕಣ್ಣಿಗೆ ಕಾಣದು. ಕತ್ತಲ ಪೆಟ್ಟಿಗೆಯೊಳಗೆ ಅವಕೆಂಪು ಕ್ಯಾಮೆರಾ ಇಟ್ಟು ಚಿತ್ರ ತೆಗೆದರೆ ಇಡೀ ಪ್ಯಾನೆಲ್ ಎಕ್ಸ್‌ರೇ ಥರ ಕಾಣಿಸುತ್ತದೆ. ಎಲೆಕ್ಟ್ರೋಲ್ಯೂಮಿನೆಸೆನ್ಸ್ ಎಂಬ ಉದ್ದ ಹೆಸರಿನ ಈ ಪರೀಕ್ಷೆಯನ್ನು ಎಲ್ಲರೂ ಇಎಲ್ ಎಂದೇ ಕರೆಯುತ್ತಾರೆ. ಜಪಾನ್‌ನ ತಕಾಶಿ ಫುಯುಕಿ ಮತ್ತು ಸಂಗಡಿಗರು ಇದನ್ನು ಸೆಲ್‌ಗಳ ಚಿತ್ರ ತೆಗೆಯಲು ಬಳಸಬಹುದೆಂದು 2005ರಲ್ಲಿ ತೋರಿಸಿಕೊಟ್ಟ ಮೇಲೆ ಕಾರ್ಖಾನೆಗಳಿಗೆ ಹರಡಿತು.

ಚಿತ್ರದಲ್ಲಿ ಚೆನ್ನಾಗಿ ಕೆಲಸ ಮಾಡುವ ಭಾಗ ಬೆಳ್ಳಗೆ, ಕೆಟ್ಟ ಭಾಗ ಕಪ್ಪಗೆ. ಸಪೂರ ಕಪ್ಪು ಗೆರೆ ಎಂದರೆ ಬಿರುಕು. ಗೆರೆಯ ಒಂದು ಬದಿ ಪೂರ್ತಿ ಕಪ್ಪಾಗಿದ್ದರೆ ಆ ತುಣುಕು ಸೆಲ್‌ನಿಂದ ಕಡಿದುಹೋಗಿದೆ ಎಂದರ್ಥ. ಉದ್ದುದ್ದ ಕಪ್ಪು ಪಟ್ಟಿ ಕಂಡರೆ ಬೆಳ್ಳಿ ಗೆರೆ ತುಂಡಾಗಿದೆ ಅಥವಾ ಬೆಸುಗೆ ಹಿಡಿದಿಲ್ಲ. ಇಡೀ ಸೆಲ್ ಮಂಕಾಗಿದ್ದರೆ ಬೇರೆ ದರ್ಜೆಯ ಸೆಲ್ ನುಸುಳಿರಬಹುದು.

ಒಳ್ಳೆಯ ಕಾರ್ಖಾನೆ ಈ ಚಿತ್ರವನ್ನು ಎರಡು ಸಲ ತೆಗೆಯುತ್ತದೆ, ಲ್ಯಾಮಿನೇಷನ್‌ಗೆ ಮೊದಲು ಒಮ್ಮೆ, ಆಮೇಲೆ ಒಮ್ಮೆ. ಮೊದಲಿನ ಚಿತ್ರದಲ್ಲಿ ದೋಷ ಸಿಕ್ಕರೆ ಆ ಸೆಲ್ಲನ್ನು ಬದಲಾಯಿಸಬಹುದು. ಇವಿಎ ಬೆಂದ ಮೇಲೆ ಬಿಚ್ಚುವ ಮಾತಿಲ್ಲ. ಬಿರುಕು ಬಿಟ್ಟ ಸೆಲ್ ಆ ದಿನಕ್ಕೆ ಪೂರ್ತಿ ವಿದ್ಯುತ್ ಕೊಡುತ್ತಿರಬಹುದು. ಆದರೆ ದಿನವೂ ಬಿಸಿಲಿಗೆ ಹಿಗ್ಗಿ ರಾತ್ರಿಗೆ ಕುಗ್ಗುವಾಗ ಆ ಬಿರುಕು ತೆರೆಯುತ್ತ ಹೋಗುತ್ತದೆ. ಇಎಲ್ ಚಿತ್ರ ಉತ್ತರಿಸುವ ಪ್ರಶ್ನೆ ಇದು: ಈಗ ಕಾಣದ, ಮುಂದೆ ಕಾಡಬಹುದಾದ ಗಾಯ ಒಳಗೆ ಇದೆಯೇ?

## ಆ ವ್ಯಾಟ್ ಸಂಖ್ಯೆ ಬರುವುದು ಎಲ್ಲಿಂದ?

ಪ್ಯಾನೆಲ್ ಹಿಂಬದಿಯ ಚೀಟಿಯಲ್ಲಿ 440 ವ್ಯಾಟ್ ಎಂದಿದ್ದರೆ ಅದನ್ನು ಅಳೆದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ. ಪ್ಯಾನೆಲ್ ಮೇಲೆ ಕೃತಕ ಸೂರ್ಯನೊಂದನ್ನು ಮಿಂಚಿಸಿ, ಆ ಕೆಲವು ಮಿಲಿಸೆಕೆಂಡುಗಳಲ್ಲಿ ವೋಲ್ಟೇಜನ್ನು ಸೊನ್ನೆಯಿಂದ ಗರಿಷ್ಠದವರೆಗೆ ಒಯ್ದು ಪ್ರತಿ ಹಂತದ ಕರೆಂಟ್ ದಾಖಲಿಸುತ್ತಾರೆ. ಸಿಗುವ ಗೆರೆಯ ಮೇಲೆ ವೋಲ್ಟೇಜ್ ಮತ್ತು ಕರೆಂಟ್ ಗುಣಿಸಿದರೆ ಎಲ್ಲಿ ಅತಿ ಹೆಚ್ಚು ಬರುತ್ತದೋ ಆ ಬಿಂದುವೇ ಪ್ಯಾನೆಲ್‌ನ ವ್ಯಾಟ್. ಇದೇ ಫ್ಲ್ಯಾಶ್ ಟೆಸ್ಟ್. ಇಎಲ್ ಹಾಗೂ ಫ್ಲ್ಯಾಶ್ ಎರಡನ್ನೂ ಪ್ರತಿಯೊಂದು ಪ್ಯಾನೆಲ್‌ಗೂ ಮಾಡುತ್ತಾರೆ, ಮಾದರಿಗೆ ಮಾತ್ರವಲ್ಲ.

ಎಲ್ಲರ ಅಳತೆಯೂ ಒಂದೇ ಆಗಿರಲೆಂದು ಮೂರು ಷರತ್ತು ಒಪ್ಪಿಕೊಂಡಿದ್ದಾರೆ. ಬೆಳಕು ಚದರ ಮೀಟರಿಗೆ 1,000 ವ್ಯಾಟ್, ಸೆಲ್‌ನ ಉಷ್ಣತೆ 25 ಡಿಗ್ರಿ, ಬೆಳಕಿನ ಬಣ್ಣಗಳ ಹದ ವಾತಾವರಣದ ಒಂದೂವರೆ ಪಟ್ಟು ದಪ್ಪವನ್ನು ಓರೆಯಾಗಿ ಹಾದುಬಂದ ಸೂರ್ಯನದ್ದು. ಎರಡು ಚದರ ಮೀಟರಿನ ಪ್ಯಾನೆಲ್ ಮೇಲೆ ಬೀಳುವುದು 2,000 ವ್ಯಾಟ್ ಬೆಳಕು, ಅದರ ಶೇ. 22 ಎಂದರೆ 440 ವ್ಯಾಟ್. ಲೆಕ್ಕ ಇಷ್ಟು ಸರಳ.

ತೊಡಕು ಇರುವುದು ಆ 25 ಡಿಗ್ರಿಯಲ್ಲಿ. ಬಿಸಿಲು ನೆತ್ತಿಗೇರಿದಾಗ ಸೆಲ್‌ಗಳು 60–65 ಡಿಗ್ರಿ ಮುಟ್ಟುವುದು ಸಾಮಾನ್ಯ. ಸಿಲಿಕಾನ್ ಬಿಸಿಯಾದಷ್ಟೂ ಅದರ ವೋಲ್ಟೇಜ್ ಇಳಿಯುತ್ತದೆ. ಅದರಿಂದ ಒಟ್ಟು ವ್ಯಾಟ್‌ನಲ್ಲಿ ಪ್ರತಿ ಡಿಗ್ರಿಗೆ ಪರ್ಕ್‌ನಲ್ಲಿ ಸುಮಾರು ಶೇ. 0.35, ಟಾಪ್‌ಕಾನ್‌ನಲ್ಲಿ 0.30, ಹೆಟೆರೋಜಂಕ್ಷನ್‌ನಲ್ಲಿ 0.25ರಷ್ಟು ಇಳಿಕೆ. 25ರಿಂದ 65ಕ್ಕೆ 40 ಡಿಗ್ರಿ ಏರಿದರೆ ಪರ್ಕ್ ಪ್ಯಾನೆಲ್ ಶೇ. 14ರಷ್ಟು ಕಳೆದುಕೊಳ್ಳುತ್ತದೆ. 440ರ ಪ್ಯಾನೆಲ್ ಮಧ್ಯಾಹ್ನ 380 ತೋರಿಸಿದರೆ ಅದು ಕೆಟ್ಟಿದೆ ಎಂದಲ್ಲ. ಬಿಸಿ ಪ್ರದೇಶದಲ್ಲಿ ಇರುವವರು ವ್ಯಾಟ್ ಸಂಖ್ಯೆಯಷ್ಟೇ ಗಮನವನ್ನು ಡೇಟಾಶೀಟಿನ ಈ ತಾಪಮಾನ ಗುಣಾಂಕಕ್ಕೂ ಕೊಡಬೇಕು.

ಕೃತಕ ಸೂರ್ಯನಿಗೂ ದರ್ಜೆ ಇದೆ. ಬಣ್ಣಗಳ ಹದ, ಪ್ಯಾನೆಲ್ ಉದ್ದಗಲಕ್ಕೂ ಬೆಳಕು ಸಮನಾಗಿ ಬೀಳುವುದು, ಮಿಂಚಿನ ಅವಧಿಯಲ್ಲಿ ಅದು ಸ್ಥಿರವಾಗಿರುವುದು, ಈ ಮೂರಕ್ಕೂ ಒಂದೊಂದು ಅಕ್ಷರ. ಎಎಎ ಎಂದರೆ ಮೂರರಲ್ಲೂ ಉತ್ತಮ. ಆ ಯಂತ್ರವನ್ನು ಹೊಂದಿಸಲು ಮಾಪನಾಂಕ ಗೊತ್ತಿರುವ ಉಲ್ಲೇಖ ಪ್ಯಾನೆಲ್ ಬೇಕು, ಆ ಉಲ್ಲೇಖವನ್ನು ಇನ್ನೂ ಮೇಲಿನ ಪ್ರಯೋಗಾಲಯ ಅಳೆದಿರಬೇಕು. ಹೀಗೆ ಸರಪಳಿ ಜರ್ಮನಿಯ ಪಿಟಿಬಿ, ಅಮೆರಿಕದ ಎನ್‌ಆರ್‌ಇಎಲ್, ಜಪಾನ್‌ನ ಎಐಎಸ್‌ಟಿಯಂಥ ಸಂಸ್ಥೆಗಳವರೆಗೆ ಹೋಗುತ್ತದೆ. ಇಷ್ಟೆಲ್ಲ ಆದರೂ ಅತ್ಯುತ್ತಮ ಪ್ರಯೋಗಾಲಯದ ಅಳತೆಯಲ್ಲೂ ಶೇ. 1–2ರಷ್ಟು ಅನಿಶ್ಚಿತತೆ ಉಳಿದೇ ಇರುತ್ತದೆ. 440 ಮತ್ತು 445ರ ನಡುವೆ ಆಯ್ಕೆ ಮಾಡಲು ಒದ್ದಾಡುವವರು ಇದನ್ನು ನೆನಪಿಡಬಹುದು.

ಹೊಸ ತಲೆಮಾರಿನ ಸೆಲ್‌ಗಳು ಇಲ್ಲೂ ಒಂದು ಹೊಸ ತಲೆನೋವು ತಂದಿವೆ. ದಕ್ಷತೆ ಹೆಚ್ಚಾದಷ್ಟೂ ಸೆಲ್ ತನ್ನೊಳಗೆ ವಿದ್ಯುದಾವೇಶವನ್ನು ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ, ವೋಲ್ಟೇಜ್ ಬದಲಾದಾಗ ಹೊಂದಿಕೊಳ್ಳಲು ಹೆಚ್ಚು ಹೊತ್ತು ಬೇಕು. ಹಳೆಯ ಯಂತ್ರದ ಗಡಿಬಿಡಿಯ ಮಿಂಚಿನಲ್ಲಿ ಅಳೆದರೆ ಸಂಖ್ಯೆ ತಪ್ಪುತ್ತದೆ. ಹೆಟೆರೋಜಂಕ್ಷನ್, ಟಾಪ್‌ಕಾನ್ ತಯಾರಿಸುವವರು ಮಿಂಚನ್ನು ದೀರ್ಘವಾಗಿಸಬೇಕು, ಇಲ್ಲವೇ ಎರಡೂ ದಿಕ್ಕಿನಲ್ಲಿ ಅಳೆದು ತಿದ್ದಬೇಕು.

ಫ್ಲ್ಯಾಶ್ ಆದ ಮೇಲೆ ಉಳಿಯುವುದು ಸುರಕ್ಷತೆಯ ತಪಾಸಣೆ. ಪ್ಯಾನೆಲ್‌ನ ವಿದ್ಯುತ್ ಭಾಗ ಮತ್ತು ಚೌಕಟ್ಟಿನ ನಡುವೆ ಸಾವಿರಾರು ವೋಲ್ಟ್ ಹಾಕಿ ಕರೆಂಟ್ ಸೋರುತ್ತದೆಯೇ ಎಂದು ನೋಡುತ್ತಾರೆ. ಚೌಕಟ್ಟಿನ ಎಲ್ಲ ಭಾಗ ಒಂದಕ್ಕೊಂದು ವಿದ್ಯುತ್ ಸಂಪರ್ಕದಲ್ಲಿದೆಯೇ, ಅರ್ತಿಂಗ್ ಹಿಡಿಯುತ್ತದೆಯೇ ಎಂಬುದನ್ನೂ ನೋಡಿ ಪ್ಯಾಕ್ ಮಾಡುತ್ತಾರೆ.

## ಪ್ರಯೋಗಾಲಯದ ಚಿತ್ರಹಿಂಸೆ

ಇಲ್ಲಿಯವರೆಗಿನ ಪರೀಕ್ಷೆಗಳು ಪ್ಯಾನೆಲ್ ಹುಟ್ಟಿದ ದಿನದ ಆರೋಗ್ಯ ಹೇಳುತ್ತವೆ. ಬಾಳಿಕೆ ಬೇರೆಯದೇ ಪ್ರಶ್ನೆ. 1970ರ ದಶಕದಲ್ಲಿ ಅಮೆರಿಕದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ ಕಂತು ಕಂತಾಗಿ ಪ್ಯಾನೆಲ್ ಖರೀದಿಸುತ್ತ, ಹೊರಗೆ ಇಟ್ಟಾಗ ಕೆಟ್ಟ ರೀತಿಗಳನ್ನು ನೋಡಿ, ಅದೇ ಕೆಡುಕನ್ನು ಪ್ರಯೋಗಾಲಯದಲ್ಲಿ ಬೇಗ ತರಿಸುವ ಪರೀಕ್ಷೆಗಳನ್ನು ಕಟ್ಟಿತು. ಮುಂದಿನ ಕಂತಿನ ಪ್ಯಾನೆಲ್ ಆ ಪರೀಕ್ಷೆ ದಾಟಲೇಬೇಕಿತ್ತು. ಈ ಅನುಭವವೇ ಬೆಳೆದು 1993ರಲ್ಲಿ ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗದ, ಅಂದರೆ ಐಇಸಿಯ, ಮಾನದಂಡವಾಯಿತು. ಈಗ ಅದರ ಸಂಖ್ಯೆ ಐಇಸಿ 61215. ಬೆಂಕಿ, ಶಾಕ್ ಮುಂತಾದ ಸುರಕ್ಷತೆಗೆ ಐಇಸಿ 61730 ಪ್ರತ್ಯೇಕ.

ಮಾದರಿ ಪ್ಯಾನೆಲ್‌ಗಳನ್ನು ಗುಂಪು ಮಾಡಿ ಒಂದೊಂದು ಗುಂಪಿಗೆ ಒಂದೊಂದು ಶಿಕ್ಷೆ. ಒಂದು ಗುಂಪನ್ನು −40ರಿಂದ +85 ಡಿಗ್ರಿಯ ನಡುವೆ 200 ಸಲ ಏರಿಸಿ ಇಳಿಸುತ್ತಾರೆ. ತಾಮ್ರ, ಗಾಜು, ಸಿಲಿಕಾನ್ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ. ತಾಮ್ರ ಹಿಗ್ಗುವುದು ಸಿಲಿಕಾನ್‌ನ ಆರು ಪಟ್ಟಿಗೂ ಹೆಚ್ಚು. ಈ ಎಳೆದಾಟಕ್ಕೆ ಮೊದಲು ಸೋಲುವುದು ಬೆಸುಗೆ. ಇನ್ನೊಂದು ಗುಂಪು 85 ಡಿಗ್ರಿ, ಶೇ. 85 ತೇವಾಂಶದಲ್ಲಿ 1,000 ಗಂಟೆ, ಅಂದರೆ ಸುಮಾರು 42 ದಿನ ಕೂರುತ್ತದೆ. ಲ್ಯಾಮಿನೇಷನ್ ಅರೆಬೆಂದಿದ್ದರೆ ಅದು ಬಯಲಾಗುವುದು ಇಲ್ಲಿ.

ಗಾಳಿ ಮತ್ತು ಹಿಮದ ಒತ್ತಡಕ್ಕೆ ಚದರ ಮೀಟರಿಗೆ 2,400 ನ್ಯೂಟನ್, ಹೆಚ್ಚು ಹಿಮ ಬೀಳುವಲ್ಲಿಗೆ ಎಂದು ಹೇಳಿಕೊಳ್ಳುವ ಪ್ಯಾನೆಲ್‌ಗೆ 5,400. ಎರಡನೆಯದು ಎರಡು ಚದರ ಮೀಟರಿನ ಪ್ಯಾನೆಲ್ ಮೇಲೆ ಒಂದು ಟನ್‌ಗೂ ಹೆಚ್ಚು ಭಾರ ಹೇರಿದಂತೆ. ಆಲಿಕಲ್ಲಿಗೆ ನಿಜವಾದ ಮಂಜುಗಡ್ಡೆಯ ಗುಂಡುಗಳನ್ನೇ ಬಳಸುತ್ತಾರೆ: 25 ಮಿಲಿಮೀಟರ್ ವ್ಯಾಸ, ಗಂಟೆಗೆ 83 ಕಿಲೋಮೀಟರ್ ವೇಗ, 11 ಕಡೆ ಪೆಟ್ಟು. ಇದಕ್ಕಿಂತ ದೊಡ್ಡ ಆಲಿಕಲ್ಲು ಬೀಳುವ ಕಡೆ ಈ ಕನಿಷ್ಠ ಪರೀಕ್ಷೆ ಸಾಲದು. ಪ್ರತಿ ಶಿಕ್ಷೆಯ ನಂತರ ಮತ್ತೆ ಫ್ಲ್ಯಾಶ್ ಮಾಡಿ ನೋಡಿದಾಗ ವ್ಯಾಟ್ ಶೇ. 5ಕ್ಕಿಂತ ಹೆಚ್ಚು ಇಳಿದಿರಬಾರದು.

2021ರ ಪರಿಷ್ಕರಣೆಯಲ್ಲಿ ಪಿಐಡಿಯ, ಅಂದರೆ ವೋಲ್ಟೇಜ್ ಅಂತರದಿಂದ ಆಗುವ ಶಕ್ತಿ ಇಳಿಕೆಯ, ಪರೀಕ್ಷೆಯೂ ಸೇರಿತು. ಹತ್ತಾರು ಪ್ಯಾನೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿದಾಗ ತುದಿಯ ಪ್ಯಾನೆಲ್‌ನ ಸೆಲ್‌ಗಳಿಗೂ ಭೂಮಿಗೆ ಸೇರಿದ ಚೌಕಟ್ಟಿಗೂ ನಡುವೆ ಸಾವಿರ ವೋಲ್ಟ್ ಮೀರಿದ ಅಂತರ ಬರಬಹುದು. ಆ ಎಳೆತಕ್ಕೆ ಗಾಜಿನೊಳಗಿನ ಸೋಡಿಯಂ ಸರಿದು ಸೆಲ್ ಸೇರಿ ಅದರ ಪಿ–ಎನ್ ಗಡಿಯನ್ನು ಕೆಡಿಸುತ್ತದೆ. ದೊಡ್ಡ ಸೋಲಾರ್ ಸ್ಥಾವರಗಳು ಇದನ್ನು ಅನುಭವಿಸಿದ ಮೇಲೆಯೇ ಪರೀಕ್ಷೆ ಬಂದದ್ದು.

## ಪ್ರಮಾಣಪತ್ರ ಹೇಳದೆ ಬಿಡುವ ಮಾತು

ಐಇಸಿ 61215ರ ಉದ್ದೇಶ ವಿನ್ಯಾಸದಲ್ಲಿ ಎಳೆತನದಲ್ಲೇ ಕೆಡಿಸುವಂಥ ದೋಷ ಇದೆಯೇ ಎಂದು ಕಂಡುಹಿಡಿಯುವುದು. 25 ವರ್ಷ ಬಾಳುತ್ತದೆ ಎಂದು ಅದು ಎಲ್ಲೂ ಹೇಳುವುದಿಲ್ಲ. ಪರೀಕ್ಷೆಗೆ ಹೋಗುವುದೂ ಕೆಲವೇ ಮಾದರಿಗಳು, ನಿಮ್ಮ ಪ್ಯಾನೆಲ್ ಅಲ್ಲ.

ಇದರ ಬೆಲೆ ತಿಳಿದದ್ದು ಬ್ಯಾಕ್‌ಶೀಟ್ ಪ್ರಕರಣದಲ್ಲಿ. 2010ರ ಆಸುಪಾಸಿನಲ್ಲಿ ಪಾಲಿಅಮೈಡ್ ಎಂಬ ಪ್ಲಾಸ್ಟಿಕ್‌ನ ಬ್ಯಾಕ್‌ಶೀಟ್ ಬಳಕೆಗೆ ಬಂತು. ಅದನ್ನು ಹಾಕಿದ ಪ್ಯಾನೆಲ್‌ಗಳು ತೇವದ ಪರೀಕ್ಷೆ ದಾಟಿದವು, ಕಾವಿನ ಪರೀಕ್ಷೆಯನ್ನೂ ದಾಟಿದವು. ಆದರೆ ಹೊರಗೆ ಕೆಲವೇ ವರ್ಷಗಳಲ್ಲಿ ಹಿಂಬದಿಯುದ್ದಕ್ಕೂ ಸೀಳು ಬಿಟ್ಟವು. ಪ್ರಯೋಗಾಲಯದಲ್ಲಿ ತೇವ, ಅತಿನೇರಳೆ ಕಿರಣ, ಉಷ್ಣತೆಯ ಏರಿಳಿತ ಒಂದೊಂದಾಗಿ ಬಂದಿದ್ದವು. ಚಾವಣಿಯ ಮೇಲೆ ಎಲ್ಲವೂ ಒಟ್ಟಿಗೆ ಬರುತ್ತವೆ. ಇದಾದ ಮೇಲೆ ಎನ್‌ಆರ್‌ಇಎಲ್ ಮುಂತಾದ ಕಡೆ ಒಂದೇ ಪೆಟ್ಟಿಗೆಯಲ್ಲಿ ಬೆಳಕು, ಮಳೆ, ಚಳಿ, ಒತ್ತಡ ಎಲ್ಲವನ್ನೂ ಒಟ್ಟಿಗೆ ಕೊಡುವ ಸಂಯುಕ್ತ ಪರೀಕ್ಷೆಗಳು ರೂಪುಗೊಂಡವು. ಟಾಪ್‌ಕಾನ್ ಸೆಲ್‌ಗಳಲ್ಲಿ ಕೆಲವು ಅತಿನೇರಳೆ ಕಿರಣಕ್ಕೆ ಶಕ್ತಿ ಕಳೆದುಕೊಳ್ಳುತ್ತವೆ ಎಂಬುದು ಈಗ ಸಂಶೋಧಕರು ಬೆನ್ನು ಹತ್ತಿರುವ ಇಂಥದೇ ಸಮಸ್ಯೆ. ಮಾನದಂಡದ ಪೂರ್ವಪರೀಕ್ಷೆಯಲ್ಲಿ ಪ್ಯಾನೆಲ್‌ಗೆ ಸಿಗುವ ಅತಿನೇರಳೆ ಬೆಳಕು ಚದರ ಮೀಟರಿಗೆ 15 ಕಿಲೋವ್ಯಾಟ್ ಅವರ್, ಬಿಸಿಲಿನ ಜಾಗದಲ್ಲಿ ಅದು ಕೆಲವೇ ತಿಂಗಳ ಬಾಬತ್ತು.

ಹಾಗಾದರೆ ವಾರಂಟಿಯ ಧೈರ್ಯ? ಅದರ ಬುಡದಲ್ಲಿರುವುದು ದಶಕಗಳಿಂದ ಹೊರಗೆ ನಿಂತಿರುವ ಹಳೆಯ ಪ್ಯಾನೆಲ್‌ಗಳ ದಾಖಲೆ. ಎನ್‌ಆರ್‌ಇಎಲ್ ಸಂಶೋಧಕರು ಸುಮಾರು ಎರಡು ಸಾವಿರ ಅಳತೆಗಳನ್ನು ಒಟ್ಟುಮಾಡಿ 2012ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ವರ್ಷಕ್ಕೆ ಶಕ್ತಿ ಇಳಿಕೆಯ ಮಧ್ಯಾಂಕ ಶೇ. 0.5 ಎಂದು ಕಂಡಿತು. ಆ ಲೆಕ್ಕದಲ್ಲಿ 25 ವರ್ಷಕ್ಕೆ ಶೇ. 12ರಷ್ಟು ಇಳಿಕೆ. ಹೊಸ ಪ್ಯಾನೆಲ್ ಹಳೆಯದರಂತೆಯೇ ನಡೆದುಕೊಳ್ಳುತ್ತದೆ ಎಂಬ ಊಹೆಯ ಮೇಲೆ ವಾರಂಟಿ ನಿಂತಿದೆ. ಒಳಗಿನ ವಸ್ತು ಬದಲಾದಾಗಲೆಲ್ಲ ಆ ಊಹೆ ಹೊಸದಾಗಿ ಸಾಬೀತಾಗಬೇಕು.

## ಕೊಳ್ಳುವಾಗ ಕೇಳಬಹುದಾದ್ದು

ವಾರಂಟಿ ಎರಡು ಬಗೆ. ಗಾಜು, ಬೆಸುಗೆ, ಚೌಕಟ್ಟು, ಬಾಕ್ಸ್ ಕೆಟ್ಟರೆ ಅನ್ವಯಿಸುವುದು ಉತ್ಪನ್ನ ವಾರಂಟಿ, ಅದು ಕೆಲವರಲ್ಲಿ 12 ವರ್ಷ, ಕೆಲವರಲ್ಲಿ 25. ವ್ಯಾಟ್ ಇಂತಿಷ್ಟಕ್ಕಿಂತ ಕೆಳಗೆ ಇಳಿಯದು ಎನ್ನುವುದು ಕಾರ್ಯಕ್ಷಮತೆಯ ವಾರಂಟಿ. ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿ ಕಾಣುವುದು ಸಾಮಾನ್ಯವಾಗಿ ಎರಡನೆಯದು, ಹೆಚ್ಚು ಸಲ ಬೇಕಾಗುವುದು ಮೊದಲನೆಯದು.

ಐಇಸಿ ಪ್ರಮಾಣಪತ್ರಕ್ಕೆ ಅಂಟಿಕೊಂಡಂತೆ ಒಂದು ಸಾಮಗ್ರಿ ಪಟ್ಟಿ ಇರುತ್ತದೆ. ಯಾವ ಸೆಲ್, ಯಾವ ಇವಿಎ, ಯಾವ ಬ್ಯಾಕ್‌ಶೀಟ್ ಹಾಕಿದಾಗ ಪರೀಕ್ಷೆ ದಾಟಿತು ಎಂಬುದು ಅದರಲ್ಲಿದೆ. ಅದನ್ನು ಬದಲಾಯಿಸಿದರೆ ಸಂಬಂಧಪಟ್ಟ ಪರೀಕ್ಷೆ ಮತ್ತೆ ಮಾಡಿಸಬೇಕೆಂದು ನಿಯಮವಿದೆ. ಒಂದೇ ಮಾದರಿ ಸಂಖ್ಯೆಯಡಿ ಹತ್ತಾರು ಸಾಮಗ್ರಿ ಸಂಯೋಜನೆಗಳು ಮಾರಾಟವಾಗುವುದುಂಟು. ಹತ್ತಾರು ಪ್ಯಾನೆಲ್ ಕೊಳ್ಳುವವರು, ಅಪಾರ್ಟ್‌ಮೆಂಟ್, ಶಾಲೆ, ಸಣ್ಣ ಕೈಗಾರಿಕೆಯವರು, ಈ ಪಟ್ಟಿ ಕೇಳುವುದು ತಪ್ಪಲ್ಲ. ಪ್ರತಿ ಪ್ಯಾನೆಲ್‌ನ ಕ್ರಮಸಂಖ್ಯೆಗೆ ಹೊಂದುವ ಫ್ಲ್ಯಾಶ್ ವರದಿಯಂತೂ ಕಾರ್ಖಾನೆಯಲ್ಲಿ ಇದ್ದೇ ಇರುತ್ತದೆ, ಕೇಳಿದರೆ ಬಹುತೇಕರು ಕೊಡುತ್ತಾರೆ. ಇಎಲ್ ಚಿತ್ರವನ್ನು ಕೊಡುವವರು ಕಡಿಮೆ.

ಆ ಚಿತ್ರ ಬೇಕಾಗುವುದು ಕಾರ್ಖಾನೆ ದಾಟಿದ ಮೇಲೆ. ಲಾರಿಯಲ್ಲಿ ಕುಲುಕಾಡಿ, ಮೆಟ್ಟಿಲಲ್ಲಿ ಬಾಗಿ, ಅಳವಡಿಸುವಾಗ ಮೇಲೆ ಕಾಲಿಟ್ಟರೆ ಗಾಜು ಒಡೆಯದೆಯೂ ಸೆಲ್ ಬಿರಿಯುತ್ತದೆ. ಹಗಲಲ್ಲಿ ಥರ್ಮಲ್ ಕ್ಯಾಮೆರಾ ಹಿಡಿದರೆ ಅತಿಯಾಗಿ ಕಾಯುವ ಸೆಲ್‌ಗಳು ತೋರುತ್ತವೆ, ಬಿರುಕೇ ನೋಡಬೇಕೆಂದರೆ ರಾತ್ರಿ ಚಾವಣಿಯ ಮೇಲೆಯೇ ಕರೆಂಟ್ ಕೊಟ್ಟು ಇಎಲ್ ಚಿತ್ರ ತೆಗೆಯುವ ತಂಡಗಳಿವೆ. ಆ ಚಿತ್ರದಲ್ಲಿ ಬಿರುಕು ಸಿಕ್ಕಿದರೆ ತಯಾರಕರು ಮೊದಲು ಕೇಳುವುದು, ಇದು ನಮ್ಮಲ್ಲಿಂದಲೇ ಬಂದದ್ದು ಎನ್ನಲು ಏನು ಆಧಾರ ಎಂದು. ಕಾರ್ಖಾನೆಯ ಚಿತ್ರ ಕೈಯಲ್ಲಿದ್ದರೆ ಎರಡನ್ನೂ ಪಕ್ಕದಲ್ಲಿಟ್ಟು ಹೇಳಬಹುದು. ಇಲ್ಲದಿದ್ದರೆ ಬಿರುಕು ಬಿದ್ದದ್ದು ಕಾರ್ಖಾನೆಯಲ್ಲೋ, ಲಾರಿಯಲ್ಲೋ, ಯಾರ ಕಾಲಡಿಯಲ್ಲೋ ಎಂದು ಸಾಧಿಸುವುದು ಕಷ್ಟ.